ಕಣಕಿ ನೀರಿನ ಬೀಗರು

ಮೊನ್ನೆ ಬೆಳಗ್ಗೆ ಹಿತ್ತಲ ಬಾಗಿಲು ತೆಗೆದದ್ದೇ ತಡ, ಒಂದು ನಾತ ಬಂದು ಮೂಗಿಗೆ ಬಡಿಯಿತು. ಪಕ್ಕದ ಮನೆಯವರು ಎಮ್ಮೆಗೆಂದು ಗೋಡೆಗೆ ಒರಗಿಸಿಟ್ಟಿದ್ದ ಕಣಕಿಯ ಸಿವುಡೊಂದು ಮಳೆಗೆ ಜಾರಿ ನಮ್ಮ ಬಕೆಟ್ಟಿಗೆ ಬಿದ್ದು, ಅಲ್ಲೇ ನೆನೆದು ಕೊಳೆತಿತ್ತು. ಜೋಳದ ಒಣ ದಂಟಿಗೆ ನಮ್ಮ ಕಡೆ ಕಣಕಿ ಎನ್ನುತ್ತಾರೆ. ಒಣಗಿದ್ದಾಗ ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯೇನೂ ಇಲ್ಲ. ನೀರು ಸೇರಿ ಎರಡು ದಿನ ಕಳೆದರೆ ಮಾತ್ರ ಹುಳಿ, ಸಗಣಿ, ಹಳೆಯ ಗೋಣಿಚೀಲ ಮೂರೂ ಒಂದೇ ಸಲ ನೆನಪಾಗುತ್ತವೆ.

'ಏನ್ ನಾರಾಕತ್ತದ್ರೀ ಇದು? ಮೊದ್ಲ ಚೆಲ್ರಿ' ಅಂದಳು ನನ್ನ ಹೆಂಡತಿ.

'ಎರಡ್ ದಿನ ಇರ್ಲಿ' ಅಂದೆ.

ನಿವೃತ್ತರಾದ ಗಂಡಂದಿರನ್ನು ಹೆಂಡತಿಯರು ಯಾವ ನೋಟದಿಂದ ನೋಡುತ್ತಾರೋ ಆ ನೋಟದಿಂದ ನೋಡಿ ಅವಳು ಒಳಗೆ ಹೋದಳು. ಅವಳಿಗೆ ನನ್ನದೇ ಒಂದು ಚಿಂತೆ. ಕೆಲಸ ಬಿಟ್ಟ ಮೇಲೆ ನನಗೆ ಊಟ ಸೇರುತ್ತಿಲ್ಲ. ಡಾಕ್ಟರು ಎಲ್ಲ ತಪಾಸಣೆ ಮಾಡಿ ಏನೂ ಇಲ್ಲ ಅಂದರು. ಏನೂ ಇಲ್ಲದ್ದೇ ಕಾಯಿಲೆ ಇರಬೇಕು ಎಂದು ನಾನು ಅಂದುಕೊಂಡೆ. ತಾಟಿನ ಮುಂದೆ ಕೂತು ಅರ್ಧ ರೊಟ್ಟಿ ಮುರಿದು, ಉಳಿದರ್ಧವನ್ನು ಪಲ್ಯದಲ್ಲಿ ಸುಮ್ಮನೆ ಆಡಿಸಿ ಏಳುವುದು ನನ್ನ ದಿನಚರಿಯಾಗಿತ್ತು. ಆದರೆ ಅವತ್ತು ಆ ಬಕೆಟ್ಟಿನ ಮುಂದೆ ನಾನು ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕೂತೆ. ಆ ನಾತದ ಋಣ ನನ್ನ ಮೇಲೆ ದೊಡ್ಡದು. ನಿಮಗೆ ಬಿಡುವಿದ್ದರೆ ಹೇಳುತ್ತೇನೆ, ಕೂತುಕೊಳ್ಳಿ.

ಜೇವರ್ಗಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುವ ಮೇಷ್ಟರಾಗುವ ಮೊದಲು ನಾನು ಸಂಶೋಧನೆ ಮಾಡುವ ಹುಡುಗನಾಗಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳು. ಮನೆ ಆಳಂದದಲ್ಲಿ. ಅಪ್ಪನದು ತೊಗರಿಯ ಅಡತಿ ಅಂಗಡಿ, ರೈತರ ಮಾಲನ್ನು ದಲಾಲಿ ಹಿಡಿದು ಮಾರಿಕೊಡುವ ವ್ಯಾಪಾರ. ಅಂಗಡಿಯಲ್ಲಿ ಬಿಳಿ ಬಟ್ಟೆ ಹಾಸಿದ ಒಂದು ಗಾದಿ. ಅದರ ಮೇಲೆ ಅಪ್ಪ ಕೂತಿದ್ದ, ಅವನಿಗಿಂತ ಮೊದಲು ಅಜ್ಜ ಕೂತಿದ್ದ, ಮುಂದೆ ನಾನು ಕೂಡಬೇಕೆಂದು ಲೋಕವೆಲ್ಲ ತಿಳಿದಿತ್ತು. ಅಪ್ಪ ಬೈಯುವ ಮನುಷ್ಯನಲ್ಲ. ಬೈದಿದ್ದರೆ ಹಟ ಹಿಡಿಯಬಹುದಿತ್ತು. ಅವನು ನಗುನಗುತ್ತಲೇ 'ಓದಿದ್ದು ಸಾಕಾತು ಅನಿಸಿದ್ ದಿನ ಬಾರಪಾ. ಗಾದಿ ಎಲ್ಲಿಗೂ ಹೋಗೂದಿಲ್ಲ' ಅನ್ನುತ್ತಿದ್ದ. ಆ ಗಾದಿ ಮೆತ್ತಗಿತ್ತು, ಅದೇ ನನ್ನ ಭಯ. ಒಮ್ಮೆ ಕೂತರೆ ಏಳುವ ಮಾತಿಲ್ಲ ಎಂದು ನನಗೆ ಗೊತ್ತಿತ್ತು.

ಇನ್ನು ನಾನು ಸಾಕುತ್ತಿದ್ದ ಪ್ರಾಣಿ. ಪ್ಯಾರಮೀಸಿಯಂ ಎಂಬ ಹೆಸರನ್ನು ನೀವು ಹೈಸ್ಕೂಲಿನಲ್ಲಿ ಕೇಳಿ, ಪರೀಕ್ಷೆಯ ಮಾರನೇ ದಿನವೇ ಮರೆತಿರುತ್ತೀರಿ. ಚಪ್ಪಲಿಯ ಅಟ್ಟೆಯಂಥ ಚಿತ್ರ ಬರೆದು, ಸುತ್ತ ಸಣ್ಣ ಸಣ್ಣ ಕೂದಲು ಎಳೆದದ್ದು ನೆನಪಾದರೆ ಸಾಕು, ಅದೇ ಇದು. ಮೈಗೆಲ್ಲ ಸೇರಿ ಒಂದೇ ಕೋಶ. ಆದರೂ ಒಳಗೆ ಸಂಸಾರ ದೊಡ್ಡದು. ನಿಮಗೆ ನನಗೆ ಒಂದು ಕೋಶಕ್ಕೆ ಒಂದು ಕೇಂದ್ರವಿದ್ದರೆ ಇದಕ್ಕೆ ಎರಡು ಬಗೆಯ ಕೇಂದ್ರ. ದೊಡ್ಡ ಕೇಂದ್ರ ದಿನನಿತ್ಯದ ವ್ಯವಹಾರ ನೋಡಿಕೊಳ್ಳುತ್ತದೆ. ಉಣ್ಣುವುದು, ಈಜುವುದು, ಕೂದಲು ಆಡಿಸುವುದು ಎಲ್ಲ ಅದರ ಅಪ್ಪಣೆ. ಸಣ್ಣ ಕೇಂದ್ರ ಮೂಲೆಯಲ್ಲಿ ಮಾತಿಲ್ಲದೆ ಇರುತ್ತದೆ. ವಂಶದ ಡಿ.ಎನ್.ಎ.ಯನ್ನು ಇದ್ದದ್ದು ಇದ್ದ ಹಾಗೆ ಮುಂದಿನವರಿಗೆ ದಾಟಿಸುವುದಷ್ಟೇ ಅದರ ಕೆಲಸ.

ಇದ್ದದ್ದು ಇದ್ದ ಹಾಗೆ ಎಂದರೆ ಕಸದ ಸಮೇತ. ಡಿ.ಎನ್.ಎ.ಯಲ್ಲಿ ಕೆಲವು ಪುಂಡ ತುಣುಕುಗಳಿರುತ್ತವೆ. ಕೂತಲ್ಲಿ ಕೂಡುವ ಜಾತಿಯಲ್ಲ ಅವು. ಇಲ್ಲಿಂದ ಜಿಗಿದು ಅಲ್ಲಿ ಹೊಕ್ಕುಬಿಡುತ್ತವೆ. ಕೆಲವು ತಮ್ಮ ಪ್ರತಿ ಮಾಡಿಕೊಂಡು ಇಲ್ಲಿಯೂ ಇದ್ದು ಅಲ್ಲಿಯೂ ಇರುತ್ತವೆ. ಹಿಂದೆಂದೋ ಹೊಕ್ಕ ಇಂಥ ತುಣುಕುಗಳು, ಅವುಗಳ ಮುರುಕು ಚೂರುಗಳು ಈ ಪ್ರಾಣಿಯ ಸಣ್ಣ ಕೇಂದ್ರದ ತುಂಬ ಬಿದ್ದಿವೆ, ಒಳ್ಳೆಯ ವಂಶವಾಹಿಗಳ ನಟ್ಟನಡುವೆಯೇ ಬಿದ್ದಿವೆ. ಸಣ್ಣ ಕೇಂದ್ರ ಬಾಯಿ ಬಿಡದೆ ಇರುವವರೆಗೆ ಅವುಗಳಿಂದ ತೊಂದರೆಯಿಲ್ಲ. ಆದರೆ ಸಣ್ಣ ಕೇಂದ್ರದಿಂದ ಹೊಸ ದೊಡ್ಡ ಕೇಂದ್ರ ಕಟ್ಟಬೇಕಾದ ಹೊತ್ತು ಬರುತ್ತದೆ. ಆಗ ಈ ಪ್ರಾಣಿ ಸಣ್ಣ ಕೇಂದ್ರದ್ದೊಂದು ಪ್ರತಿ ಇಟ್ಟುಕೊಂಡು ಹಸನು ಮಾಡಲು ಕೂಡುತ್ತದೆ. ಒಂದೊಂದೇ ತುಣುಕನ್ನು ಕತ್ತರಿಸಿ ಎಸೆಯುತ್ತದೆ, ಕತ್ತರಿಸಿದ ತುದಿಗಳನ್ನು ಒಂದಕ್ಷರವೂ ತಪ್ಪದಂತೆ ಬೆಸೆಯುತ್ತದೆ. ಯಾವುದು ಕಸ, ಯಾವುದು ಕಾಳು ಎಂದು ಅದಕ್ಕೆ ಹೇಗೆ ತಿಳಿಯುತ್ತದೆ? ಸಾಯಲಿರುವ ಹಳೆಯ ದೊಡ್ಡ ಕೇಂದ್ರವೇ ತಿಳಿಸುತ್ತದೆ, ತನ್ನಲ್ಲಿ ಇಲ್ಲದ್ದು ಹೊಸದರಲ್ಲೂ ಬೇಡ ಎನ್ನುತ್ತದೆ ಎಂಬ ಮಾತು ಆಗಷ್ಟೇ ನಮ್ಮ ಕಿವಿಗೆ ಬೀಳತೊಡಗಿತ್ತು. ನನ್ನ ಗೈಡ್ ಮೇಡಂ ಆ ಮಾತಿನ ಬೆನ್ನು ಹತ್ತಿದ್ದರು.

ಮೇಡಂ ಮೈಸೂರಿನ ಕಡೆಯವರು. ಒಮ್ಮೆ ತಾಯಿಯನ್ನು ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆ ಕರೆದುಕೊಂಡು ಹೋಗಿದ್ದರಂತೆ. ಎಲ್ಲರೂ ಸಂಗಮದಲ್ಲಿ ಮುಳುಗಿ ಪುಣ್ಯ ಕಟ್ಟಿಕೊಳ್ಳುತ್ತಿದ್ದರೆ ಇವರು ದಂಡೆಯ ಪಾಚಿಗೆ ಬಾಟಲಿ ಅದ್ದುತ್ತ ನಿಂತಿದ್ದರು. ಆ ಬಾಟಲಿಯಲ್ಲಿ ಬಂದ ಒಂದೇ ಒಂದು ಪ್ರಾಣಿ ಒಡೆದು ಎರಡಾಗಿ, ಎರಡು ಒಡೆದು ನಾಲ್ಕಾಗಿ ಬೆಳೆದ ಸಂತಾನವೇ ನಮ್ಮ ಪ್ರಯೋಗದ ಜೀವ. ಮೇಡಂ ಕೆಲವು ತಿಂಗಳಿಗೆಂದು ಹೊರದೇಶಕ್ಕೆ ಹೊರಟಾಗ ಆ ಸಂತಾನವನ್ನು ನನ್ನ ಕೈಗಿತ್ತರು. 'ಇದು ಹೋದರೆ ನನ್ನ ಹತ್ತಿರ ಬೇರೆ ಇಲ್ಲ, ನೆನಪಿರಲಿ. ನಿನ್ನ ಥೀಸಿಸ್ಸೂ ಇದರ ಜೊತೆಗೇ ಹೋಗುತ್ತೆ' ಅಂದರು. ಮಾತು ಮೃದುವಾಗಿಯೇ ಇತ್ತು. ನನಗೆ ಮಾತ್ರ ಬಿಳಿ ಗಾದಿ ಕಣ್ಣಿಗೆ ಕಟ್ಟಿತು.

ನಾನು ಅವುಗಳನ್ನು ನೋಡಿಕೊಂಡ ರೀತಿಯನ್ನು ನಮ್ಮ ಕಡೆಯವರು ಮೆಚ್ಚಿಕೊಳ್ಳಬೇಕು. ನಮ್ಮ ಸೀಮೆಯಲ್ಲಿ ಬೀಗರು, ಅಂದರೆ ನೆಂಟರು, ಮನೆಗೆ ಬಂದರೆ ಅವರು ಸಾಕು ಅಂದಮೇಲೆ ಮೂರು ರೊಟ್ಟಿ ಹಾಕುವುದು ಮರ್ಯಾದೆ. ನಾನೂ ಹಾಗೇ ಉಣಿಸಿದೆ. ಈ ಪ್ರಾಣಿಯ ಊಟ ನೀರಿನಲ್ಲಿರುವ ಬ್ಯಾಕ್ಟೀರಿಯಾ. ಆ ಬ್ಯಾಕ್ಟೀರಿಯಾ ಬೆಳೆಸಲು ಕಣಕಿ ಕುದಿಸಿ, ಎರಡು ದಿನ ಇಟ್ಟು, ನಾರಲು ಬಿಡಬೇಕು. ದಿನವೂ ಒಂದು ಪಾತ್ರೆ ಕಣಕಿ ನೀರು ನಾರುತ್ತಿತ್ತು, ದಿನವೂ ನಾನು ಹನಿ ಹನಿಯಾಗಿ ಬಡಿಸುತ್ತಿದ್ದೆ. ರವಿವಾರ, ಹಬ್ಬ, ಜ್ವರ ಯಾವುದೂ ಅಡ್ಡಿಯಾಗಲಿಲ್ಲ. ಆದರೂ ಬರಬರುತ್ತ ಅವು ಸೊರಗಿದವು. ಒಡೆಯುವುದು ನಿಧಾನವಾಯಿತು. ಕೆಲವು ಸೊಟ್ಟಗಾದವು. ನನಗೆ ಹೊಳೆದ ಉಪಾಯ ಒಂದೇ, ಇನ್ನೂ ಹೆಚ್ಚು ಉಣಿಸಿದೆ.

ಹೀಗಿರುವಾಗ ವಿಶ್ವವಿದ್ಯಾಲಯದಲ್ಲಿ ಮುಷ್ಕರ ಎದ್ದು, ಹಾಸ್ಟೆಲು, ಪ್ರಯೋಗಾಲಯ ಎಲ್ಲಕ್ಕೂ ಬೀಗ ಬಿತ್ತು. ನಾನು ಪ್ರಾಣಿಗಳಿದ್ದ ಗಾಜಿನ ನಳಿಗೆಗಳನ್ನೆಲ್ಲ ಹಸಿ ಬಟ್ಟೆಯಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿ ನಿಲ್ಲಿಸಿಕೊಂಡು ಆಳಂದದ ಬಸ್ಸು ಹತ್ತಿದೆ. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ರಸ್ತೆಯ ತಗ್ಗು ಬಂದಾಗಲೆಲ್ಲ ಎತ್ತಿ ಹಿಡಿಯುವುದನ್ನು ಕಂಡಕ್ಟರು ನೋಡಿದ.

'ಏನ್ರೀ ಅದ್ರಾಗ?'

'ಜೀವ ಅವ್ರೀ' ಅಂದುಬಿಟ್ಟೆ.

'ಕೋಳಿನೇನ್ರೀ? ಕೋಳಿ ಇದ್ರ ಟಿಕೀಟ ತಗೋಬೇಕು.'

'ಕೋಳಿ ಅಲ್ರೀ, ಬಾಳ ಸಣ್ಣವು. ಕಣ್ಣಿಗಿ ಕಾಣಸೂದಿಲ್ಲ.'

ಅವನು ಒಂದು ಗಳಿಗೆ ನನ್ನ ಮುಖ ನೋಡಿ, 'ಕಾಣಸ್ಲಾರದ್ದಕ್ಕ ಟಿಕೀಟ ಹರಿಯಾಕ ಬರೂದಿಲ್ಲ ಬಿಡ್ರೀ' ಎಂದು ಮುಂದೆ ಹೋದ. ಓದಿ ಓದಿ ತಲೆ ಕೆಟ್ಟವರನ್ನು ಅವನು ಮೊದಲೂ ಕಂಡಿರಬೇಕು.

ಮನೆಯಲ್ಲಿ ನನ್ನ ಪ್ರಾಣಿಗಳನ್ನು ಗಂಭೀರವಾಗಿ ತೆಗೆದುಕೊಂಡವಳು ಆಯಿ ಒಬ್ಬಳೇ. ಆಯಿ ಎಂದರೆ ಅಪ್ಪನ ತಾಯಿ. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮಾತು ಜೋರು, ಕೈ ಧಾರಾಳ. ಅವಳು ಡಬ್ಬಿಯಲ್ಲಿ ಇಣುಕಿ, 'ಎಲ್ಲಿಯವೋ ತಮ್ಮಾ ಇವು?' ಅಂದಳು.

'ಗಾಣಗಾಪುರದವು ಆಯಿ. ಸಂಗಮದಾಗಿಂದ ತಂದದ್ದು.'

'ಅಯ್ಯ, ಕ್ಷೇತ್ರದವ್ರೇನು! ಮತ್ತ ಬೀಗರು ಬಂದಾರಂತ ಹೇಳಬಾರದೇನು? ಏನ್ ಉಣ್ತಾವ?'

ಅಂದಿನಿಂದ ಅವು ಬೀಗರಾದವು. 'ನಿನ್ನ ಬೀಗರು ಹ್ಯಾಂಗದಾರ?' ಎಂದು ಬೆಳಗ್ಗೆ ಕೇಳದೆ ಅವಳು ಜಳಕಕ್ಕೆ ಹೋಗುತ್ತಿರಲಿಲ್ಲ. ನಳಿಗೆಗಳಿಗೆ ದೇವರ ಜಗಲಿಯ ಪಕ್ಕದಲ್ಲಿ ತಂಪಾದ ಜಾಗ ಮಾಡಿಕೊಟ್ಟಳು. ಕಣಕಿ ನೀರಿನ ಪಾತ್ರೆಯನ್ನು ಮಾತ್ರ ಹಿತ್ತಲಿಗೆ ಅಟ್ಟಿದಳು.

ಶ್ರಾವಣ ಬಂತು. ನಮ್ಮ ತಂಗಿಯನ್ನು ಜೇವರ್ಗಿ ತಾಲ್ಲೂಕಿನ ನೆಲೋಗಿಗೆ ಕೊಟ್ಟಿದ್ದರು. ಅವಳಿಗೆ ಚೊಚ್ಚಲ ಬಸಿರು, ಕುಬಸದ ಕಾರ್ಯ, ಎಂದರೆ ಸೀಮಂತ. ಅವ್ವನ ಜೊತೆ ನಾನು ಹೋಗಲೇಬೇಕಾಯಿತು. ಒಂದು ದಿನದ ಮಾತು ಎಂದು ಆಯಿಗೆ ಬೀಗರ ಉಸ್ತುವಾರಿ ಒಪ್ಪಿಸಿದೆ. ದಿನಕ್ಕೊಮ್ಮೆ, ಒಂದೊಂದು ನಳಿಗೆಗೆ ನಾಲ್ಕು ಹನಿ ಹಳೆಯ ಕಣಕಿ ನೀರು. ಹೊಸದು ಬೇಡ, ನಾರುವುದೇ ಬೇಕು. ಎರಡೆರಡು ಸಲ ಹೇಳಿದೆ. 'ಹೂಂ, ತಿಳೀತು ಹೋಗು. ನಾ ಮಕ್ಕಳನ್ನ ಸಾಕೇನಿ, ನಿನ್ನ ಹುಳಾ ಸಾಕೂದು ಬರೂದಿಲ್ಲೇನು?' ಅಂದಳು.

ಕುಬಸ ಚೆನ್ನಾಗಿಯೇ ಆಯಿತು. ಅವತ್ತು ಸಂಜೆಯೇ ಭೀಮಾ ನದಿಗೆ ಮೇಲಿನಿಂದ ನೀರು ಬಿಟ್ಟರು. ಜೇವರ್ಗಿಯ ಹತ್ತಿರ ಹೊಳೆ ಉಕ್ಕಿ ರಸ್ತೆ ಮುಳುಗಿತು, ಬಸ್ಸು ನಿಂತವು, ಫೋನಿನ ತಂತಿ ಹರಿದುಬಿತ್ತು. ನಾನು ಹೊಳೆಯ ಈಚೆ, ನನ್ನ ಬದುಕು ಹೊಳೆಯ ಆಚೆ. ತಂಗಿಯ ಮನೆಯವರು ನನ್ನನ್ನು ಉಪಚರಿಸಿದ ಪರಿಯನ್ನು ಏನು ಹೇಳಲಿ? ಬೆಳಗ್ಗೆ ರೊಟ್ಟಿ, ಮಧ್ಯಾಹ್ನ ಹೋಳಿಗೆ, ಸಂಜೆ ಮತ್ತೆ ರೊಟ್ಟಿ. ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ತುಪ್ಪ ಸುರಿಯುತ್ತಿದ್ದರು. ಹೊಟ್ಟೆ ಬಿರಿದು ಕಟ್ಟೆಯ ಮೇಲೆ ಕೂತು, ಆಯಿ ನಾಲ್ಕು ಹನಿ ಹಾಕಿದಳೋ ಇಲ್ಲವೋ ಎಂದು ಆಕಾಶ ನೋಡುತ್ತಿದ್ದೆ. ದಿನದ ಮೇಲೆ ದಿನ ಹೋದವು. ಹೊಳೆ ಇಳಿದು, ಹೆಸರಿಗೊಂದು ಬಸ್ಸು ಬಿಟ್ಟ ದಿನ ಅವ್ವನನ್ನು ಕರೆದುಕೊಂಡು ಅದರ ಬಾಗಿಲಲ್ಲಿ ಜೋತುಬಿದ್ದು ಬಂದೆ.

ಆಯಿ ಆಗಷ್ಟೇ ಪೂಜೆ ಮುಗಿಸಿ ಎದ್ದಿದ್ದಳು. ನನ್ನ ಕೈ ಹಿಡಿದು ಜಗಲಿಯ ಪಕ್ಕಕ್ಕೆ ಎಳೆದುಕೊಂಡು ಹೋದಳು. ನಳಿಗೆಗಳ ಕೊರಳಿಗೆ ವಿಭೂತಿಯ ಬೆರಳು ಮೂಡಿತ್ತು. ಒಳಗಿನ ನೀರು ತಿಳಿಯಾಗಿತ್ತು. ಆ ಕಡೆಯ ಗೋಡೆಯ ಬಿರುಕು ಕಾಣುವಷ್ಟು ತಿಳಿ.

'ನೋಡು ಹ್ಯಾಂಗಿಟ್ಟೇನಿ, ಕನ್ನಡಿ ಇಟ್ಟಂಗ!'

ನೀರು ತಿಳಿಯಾಗಿದೆ ಎಂದರೆ ಅದರಲ್ಲಿ ಬ್ಯಾಕ್ಟೀರಿಯಾ ಇಲ್ಲ. ಬ್ಯಾಕ್ಟೀರಿಯಾ ಇಲ್ಲವೆಂದರೆ ಊಟವಿಲ್ಲ.

'ಆಯಿ, ಕಣಕಿ ನೀರು?'

'ಆ ನಾರೋ ನೀರೇನು? ಎಮ್ಮಿ ಬಾನಿಗಿ ಸುರುವಿದೆ. ಶ್ರಾವಣದಾಗ ಕ್ಷೇತ್ರದವ್ರಿಗಿ ತಂಗಳಾ ಹಾಕ್ತಾರೇನೋ? ದಿನಾ ಮುಂಜಾನಿ ಮಡೀಲೆ ಬಾವಿ ನೀರು ಕಾಸಿ, ಆರಿಸಿ, ಬಿಳಿ ಅರಿವ್ಯಾಗ ಸೋಸಿ ಹಾಕೇನಿ. ಒಂದಿನಾನೂ ತಪ್ಪಿಸಿಲ್ಲ.'

ಆಯಿಯ ಶ್ರಾವಣ ನಿಮಗೆ ಗೊತ್ತಿಲ್ಲ. ಆ ತಿಂಗಳು ಅವಳು ರಾತ್ರಿಯ ರೊಟ್ಟಿಯನ್ನು ಬೆಳಗ್ಗೆ ಮುಟ್ಟುತ್ತಿರಲಿಲ್ಲ. ಸೋಸದ ನೀರು ಬಾಯಿಗೆ ಹೋಗುತ್ತಿರಲಿಲ್ಲ. ತನಗೆ ಯಾವುದು ಬೇಡವೋ ಅದನ್ನು ಅತಿಥಿಗೆ ಹೇಗೆ ಹಾಕುವುದು? ಅವಳ ಲೆಕ್ಕದಲ್ಲಿ ಅವಳು ನನ್ನ ಬೀಗರನ್ನು ಮನೆಯ ಮಂದಿಗಿಂತ ಹೆಚ್ಚು ಮಡಿಯಿಂದ ನೋಡಿಕೊಂಡಿದ್ದಳು. ನನ್ನ ಲೆಕ್ಕದಲ್ಲಿ ನನ್ನ ಥೀಸಿಸ್ಸು, ಮೇಡಂ ಅವರ ವರ್ಷಗಳ ದುಡಿಮೆ, ಗಾದಿಯಿಂದ ತಪ್ಪಿಸಿಕೊಳ್ಳುವ ದಾರಿ ಎಲ್ಲವೂ ಆ ತಿಳಿನೀರಿನಲ್ಲಿ ಮುಳುಗಿದ್ದವು. ಆದರೆ ಅವಳ ಮುಖದ ತುಂಬ ಹೆಮ್ಮೆ ಇತ್ತು. 'ಚಲೋ ಮಾಡೀದಿ ಆಯಿ' ಅಂದೆ. ಅಂದು ಅಂಗಡಿಗೆ ಹೋಗಿ, ಅಪ್ಪ ಊಟಕ್ಕೆ ಎದ್ದು ಹೋದ ಹೊತ್ತು ನೋಡಿ, ಗಾದಿಯ ಅಂಚಿನ ಮೇಲೆ ಸುಮ್ಮನೆ ಕೂತು ನೋಡಿದೆ. ಮೆತ್ತಗೇ ಇತ್ತು.

ಮುಷ್ಕರ ಮುಗಿದ ಸುದ್ದಿ ಬಂದಾಗ ನಳಿಗೆಗಳನ್ನು ಮತ್ತೆ ಡಬ್ಬಿಗೆ ಹಾಕಿಕೊಂಡು ಹೊರಟೆ. ಬಸ್ಸಿನಲ್ಲಿ ಈ ಸಲ ಯಾರೂ ಏನೂ ಕೇಳಲಿಲ್ಲ. ನಾನೂ ತಗ್ಗು ಬಂದಾಗ ಡಬ್ಬಿ ಎತ್ತಿ ಹಿಡಿಯಲಿಲ್ಲ.

ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ನೋಡಿದೆ. ಪ್ರಾಣಿಗಳು ಇದ್ದವು, ಬಹಳಷ್ಟಲ್ಲ. ಸಣಕಲಾಗಿದ್ದವು, ಪಾರದರ್ಶಕವಾಗಿದ್ದವು, ಆದರೂ ಈಜುತ್ತಿದ್ದವು. ಸಾಯುವ ಮೊದಲು ಕೇಂದ್ರಗಳ ಗತಿ ಏನಾಗಿದೆಯೋ ನೋಡಿಬಿಡೋಣ ಎಂದು ಕೆಲವಕ್ಕೆ ಕೆಂಪು ಬಣ್ಣ ಹಚ್ಚಿ ಮತ್ತೆ ಇಣುಕಿದೆ.  ಒಂದು ಮುದ್ದೆಯಾಗಿ ಇರಬೇಕಾದ ದೊಡ್ಡ ಕೇಂದ್ರ ಚಿಂದಿ ಚಿಂದಿಯಾಗಿತ್ತು. ಕೋಶದ ತುಂಬ ಕೆಂಪು ಚೂರುಗಳು ಚೆಲ್ಲಾಡಿದ್ದವು. ಮುಗಿಯಿತು ಎಂದು ಸ್ಟೂಲಿನ ಮೇಲೆ ಹಿಂದಕ್ಕೆ ಸರಿದು ಕೂತೆ.

ಕೂತಲ್ಲೇ ಎಲ್ಲಿಂದಲೋ ಎಂ.ಎಸ್ಸಿ. ಪರೀಕ್ಷೆಯ ಒಂದು ಪ್ರಶ್ನೆ ನೆನಪಿಗೆ ಬಂತು. ಅದಕ್ಕೆ ನಾನು ಪುಟಗಟ್ಟಲೆ ಉತ್ತರ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಈ ಪ್ರಾಣಿಗೆ ದಿನವೂ ಹೊಟ್ಟೆತುಂಬ ಸಿಕ್ಕರೆ ಅದು ಒಡೆಯುತ್ತ ಒಡೆಯುತ್ತ ಹೋಗುತ್ತದೆ. ಅದರ ದೊಡ್ಡ ಕೇಂದ್ರ ಸವೆಯುತ್ತ ಮುದಿಯಾಗುತ್ತದೆ. ಕೊನೆಗೆ ಇಡೀ ಸಂತಾನವೇ ಮುಪ್ಪಾಗಿ ಅಳಿಯುತ್ತದೆ. ಅದು ಹೊಸದಾಗಬೇಕಾದರೆ ಹಸಿಯಬೇಕು. ಹಸಿವು ತಾಗಿದಾಗ ಒಂಟಿ ಪ್ರಾಣಿಯೂ ತನ್ನೊಳಗೇ ಸಣ್ಣ ಕೇಂದ್ರವನ್ನು ಹೊಸತಾಗಿ ಕೂಡಿಸಿಕೊಂಡು, ಹಳೆಯ ದೊಡ್ಡ ಕೇಂದ್ರವನ್ನು ಚೂರು ಮಾಡಿ ಬಿಟ್ಟುಕೊಟ್ಟು, ಪುಂಡ ತುಣುಕುಗಳನ್ನೆಲ್ಲ ಕತ್ತರಿಸಿ ಎಸೆದು, ಎಳೆಯ ದೊಡ್ಡ ಕೇಂದ್ರ ಕಟ್ಟುತ್ತದೆ. ಬರೆದದ್ದು ಬರೆದೇ ಹೋಗಿತ್ತು. ಪ್ರಾಣಿಗಳು ಕಣ್ಣೆದುರು ಮುದಿಯಾಗುತ್ತಿದ್ದಾಗ ನನ್ನೊಳಗಿನ ಆಳಂದದವನು ಎಂ.ಎಸ್ಸಿ.ಯವನ ಬಾಯಿ ಮುಚ್ಚಿಸಿ ಇನ್ನೊಂದು ರೊಟ್ಟಿ ಹಾಕಿದ್ದ.

ಮತ್ತೆ ಕಣ್ಣು ಹಚ್ಚಿದೆ. ಕೆಂಪು ಚೂರುಗಳ ನಡುವೆ, ಇಲ್ಲಿ ನೋಡಿ, ಎರಡು ದುಂಡನೆಯ ಎಳೆಯ ಮೊಗ್ಗುಗಳು. ಹೊಸ ಕೇಂದ್ರಗಳು. ಹಸನು ಮಾಡುವ ಕೆಲಸ ಅಲ್ಲಿ ನಡೆದಿತ್ತು.

ಅಷ್ಟಕ್ಕೇ ಗೆದ್ದ ಹಾಗಲ್ಲ. ಒಂದು ತುಣುಕು ತಪ್ಪಿ ಉಳಿದರೂ, ತುದಿ ಬೆಸೆಯುವಾಗ ಅಕ್ಷರ ತಪ್ಪಿದರೂ ಪ್ರಾಣಿ ಬದುಕಲಾರದು. ಮುದಿ ಸಂತಾನದಲ್ಲಿ ಇಂಥ ತಪ್ಪು ಹೆಚ್ಚು. ಬಣ್ಣ ಹಚ್ಚದೆ ಉಳಿದಿದ್ದ ಒಂದೊಂದು ಪ್ರಾಣಿಯನ್ನು ಗಾಜಿನ ತಟ್ಟೆಯ ಬೇರೆ ಬೇರೆ ಗುಳಿಯಲ್ಲಿಟ್ಟು, ನಾರುವ ಕಣಕಿ ನೀರು ಕೊಟ್ಟು ಕಾದೆ. ಮೊದಲು ಸತ್ತವು ಕಂಡವು. ಒಂದು ಗುಳಿ ಖಾಲಿ, ಇನ್ನೊಂದೂ ಖಾಲಿ.  ಆಮೇಲೆ ಒಂದು ಗುಳಿಯಲ್ಲಿ ಎರಡಿದ್ದವು. ಅದರಾಚೆಯದರಲ್ಲಿ ನಾಲ್ಕು. ಕೊಬ್ಬಿದ ಮೈ, ನೆಟ್ಟಗಿನ ಆಕಾರ, ಎಷ್ಟೋ ತಿಂಗಳಿಂದ ಕಾಣದಿದ್ದ ಓಟ. ಎಲ್ಲೋ ಸೋಸಿದ ತಿಳಿನೀರಿನ ಕತ್ತಲಲ್ಲಿ, ಜಗಲಿಯ ಪಕ್ಕದಲ್ಲಿ, ಆಯಿಯ ಮಂತ್ರ ಕೇಳುತ್ತ ಅವು ತಮ್ಮನ್ನು ತಾವು ಹೊಸದು ಮಾಡಿಕೊಂಡಿದ್ದವು. ನನಗೆ ಅಳು ಬಂತು. ನಾಚಿಕೆಯಿಲ್ಲದೆ ಅತ್ತೆ, ಅತ್ತು ಕ್ಯಾಂಟೀನಿಗೆ ಹೋಗಿ ಎರಡು ಊಟ ಒಟ್ಟಿಗೆ ಮಾಡಿದೆ.

ದೀಪಾವಳಿಗೆ ಊರಿಗೆ ಹೋದಾಗ ಈ ಸಂತೋಷವನ್ನು ಆಯಿಗೆ ಹೇಳದೆ ಇರುವುದು ಹೇಗೆ? ಅವಳು ಪಡಸಾಲೆಯಲ್ಲಿ ಕಾಲು ಚಾಚಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಹಗೇವಿನಿಂದ ಆಗಷ್ಟೇ ತೆಗೆದ ಜೋಳ. ಹಗೇವು ಎಂದರೆ ನೆಲದೊಳಗೆ ಕಾಳು ತುಂಬಿಡುವ ಕಣಜ. ನಾನು ಅವಳ ಮುಂದೆ ಕೂತು ಪಾಠ ಶುರುಮಾಡಿದೆ. ಸಣ್ಣ ಕೇಂದ್ರ ಎಂದರೆ ಹಗೇವು, ಎಲ್ಲ ಅದರಲ್ಲಿದೆ, ಹರಳು, ಮಣ್ಣು, ಕಸ ಕೂಡ. ದೊಡ್ಡ ಕೇಂದ್ರ ಎಂದರೆ ಬೀಸಲಿಕ್ಕೆ ಹೋಗುವ ಜೋಳ.

'ಹೌದಲ್ಲ, ಹರಳಿದ್ರ ಹಲ್ಲು ಹೋಗ್ತಾವ' ಅಂದಳು. 'ಮತ್ತ ಹಗೇವಿನ್ಯಾಗಿಂದೂ ಹಸನ ಮಾಡಿದ್ರ ಆತಲ್ಲ?'

'ಅಲ್ಲಿ ಇದ್ರ ಏನೂ ತಕ್ಲೀಫ್ ಇಲ್ಲ ಆಯಿ. ಅಲ್ಲಿ ಅವು ಸುಮ್ನ ಬಿದ್ದಿರ್ತಾವ.'

'ಹೂಂ' ಅಂದು ಅವಳು ಒಂದು ಹರಳು ಆರಿಸಿ ಆಚೆ ಎಸೆದಳು. ಖುಷಿಯಲ್ಲಿದ್ದ ನಾನು ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. 'ಇದೆಲ್ಲಾ ನಿನ್ನ ಕೈಗುಣ ಆಯಿ! ನೀ ಅವಕ್ಕ ಉಪಾಸ ಕೆಡವಿದಿ, ಅದಕ್ಕೇ ಅವು ಉಳದಾವ' ಅಂದೆ.

ಅವಳ ಕೈ ನಿಂತಿತು.

'ಏನಂದಿ? ಉಪಾಸ? ನಾ ದಿನಾ ಹಾಕೇನಿ!'

'ಬರೇ ನೀರಾಗ ಅವಕ್ಕ ತಿನ್ನಾಕ ಏನೂ ಇರೂದಿಲ್ಲ ಆಯಿ. ಆದ್ರ ಅದೇ ಚಲೋ ಆತು...'

ಅವಳಿಗೆ ಮುಂದಿನದು ಕೇಳಿಸಲಿಲ್ಲ. 'ಅಷ್ಟ ದಿನ? ನಮ್ಮ ಮನ್ಯಾಗ? ಕ್ಷೇತ್ರದಿಂದ ಬಂದವ್ರು, ದೇವರ ಬಾಜೂಕ ಕುಂತು, ಹಸದಾರ?' ಅಂದಳು. ದನಿ ಸಣ್ಣದಾಗಿತ್ತು. ನಾನು ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ ವಿವರಿಸಿದೆ. ಮುಪ್ಪು, ಹಸಿವು, ಹೊಸ ಕೇಂದ್ರ. ಅವಳು ತಲೆಯಾಡಿಸುತ್ತಿದ್ದಳು, ಆದರೆ ಕಣ್ಣು ತುಂಬಿದ್ದವು. ನನಗೆ ಬಿಡುಗಡೆಯಾದದ್ದೇ ಅವಳಿಗೆ ಕಳಂಕವಾಗಿತ್ತು. ಆಯುಷ್ಯದಲ್ಲಿ ಅವಳ ಬಾಗಿಲಿಂದ ಒಬ್ಬ ಭಿಕ್ಷುಕನೂ ಬರಿಗೈಯಲ್ಲಿ ಹೋಗಿರಲಿಲ್ಲ. ಆ ಸಂಜೆ ಅವಳು ಉಣ್ಣಲಿಲ್ಲ. ಹೊಟ್ಟೆ ಸರಿ ಇಲ್ಲ ಅಂದಳು. ಮರುದಿನವೂ ಬರೀ ಚಹಾ. ಅಪ್ಪ ಗಾಬರಿಯಾಗಿ ನನ್ನ ಕಡೆ ನೋಡಿ, 'ಏನರೇ ಮಾಡೋ ಮಾರಾಯಾ' ಅಂದ. ಹಬ್ಬದ ಹೋಳಿಗೆ ತಾಟಿನಲ್ಲಿ ಹಾಗೇ ಆರುತ್ತಿತ್ತು.

ಅವತ್ತೇ ಬಸ್ಸು ಹಿಡಿದು ಪ್ರಯೋಗಾಲಯಕ್ಕೆ ಹೋದೆ. ಚೆನ್ನಾಗಿ ಬೆಳೆದ ಒಂದು ನಳಿಗೆ, ಒಂದು ಬಾಟಲಿ ಹಳೆಯ ಕಣಕಿ ನೀರು ತೆಗೆದುಕೊಂಡು ಬೆಳಕಿರುವಾಗಲೇ ಮನೆ ಸೇರಿದೆ. ಪಡಸಾಲೆಯಲ್ಲಿ ಬಾಟಲಿಯ ಮುಚ್ಚಳ ತೆಗೆದೆ. ಮನೆಯೆಲ್ಲ ನಾರಿತು. ಆಯಿ ಮೂಗಿಗೆ ಸೆರಗು ಒತ್ತಿಕೊಳ್ಳಲಿಲ್ಲ.

'ನೀನೇ ಹಾಕು' ಅಂದೆ.

ಅವಳು ಕೈ ತೊಳೆದುಕೊಂಡು ಬಂದು, ಒಂದು, ಎರಡು ಎಂದು ಹನಿ ಬಿಟ್ಟಳು. ಅವಳ ಕೈಯಿಂದ ನಾಲ್ಕು ಬೀಳಲಿಲ್ಲ, ಹೆಚ್ಚೇ ಬಿದ್ದವು. ನಾನು ತಡೆಯಲಿಲ್ಲ. ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದು ತೋರಿಸಿದೆ. ಗಮನವಿಟ್ಟು ನೋಡಿದರೆ ಈ ಪ್ರಾಣಿ ಬರಿಗಣ್ಣಿಗೂ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಅಲುಗಾಡದೆ ಬಿಟ್ಟರೆ ಮೆಲ್ಲಗೆ ಮೇಲೇರಿ ನೀರಿನ ಬಾಯಿಯ ಹತ್ತಿರ ಸೇರುವುದು ಅದರ ಸ್ವಭಾವ. ಆಯಿ ಕಣ್ಣು ಕಿರಿದು ಮಾಡಿ ನೋಡಿದಳು. 

'ಮ್ಯಾಲ ಬರಾಕತ್ತಾವ' ಅಂದಳು ಆಮೇಲೆ. 'ಉಣ್ಣಾಕ ಬರಾಕತ್ತಾವ.'

'ಹೂಂ ಆಯಿ.'

'ಬಾಳ ಮಂದಿ ಅದಾರಲ್ಲೋ!'

ಅವಳ ಮುಖ ಸಡಿಲವಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಅವ್ವನ ಕಡೆ ತಿರುಗಿ, 'ಏ, ನನಗೂ ಒಂದ್ ತಾಟ ಹಚ್ಚವಾ' ಅಂದಳು. ಅಪ್ಪ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆ ಗಳಿಗೆಯಲ್ಲಿ ಆದ ನೆಮ್ಮದಿ, ಗುಳಿಯಲ್ಲಿ ನಾಲ್ಕು ಪ್ರಾಣಿ ಕಂಡಾಗ ಆದದ್ದಕ್ಕಿಂತ ದೊಡ್ಡದು ಎಂದರೆ ನೀವು ನಂಬಬೇಕು.

ಮೇಡಂ ಬಂದರು, ಥೀಸಿಸ್ಸು ಮುಗಿಯಿತು. ಗಾದಿಯ ಮೇಲೆ ಚಿಕ್ಕಪ್ಪನ ಮಗ ಕೂತ, ನನಗಿಂತ ಸಾವಿರ ಪಾಲು ಚೆನ್ನಾಗಿ ಕೂತ. ನಾನು ದೊಡ್ಡ ವಿಜ್ಞಾನಿಯೇನೂ ಆಗಲಿಲ್ಲ. ಜೇವರ್ಗಿಯ ಹುಡುಗ ಹುಡುಗಿಯರಿಗೆ ಚಪ್ಪಲಿಯ ಚಿತ್ರ ಬರೆಸುತ್ತ ತಲೆ ನರೆಸಿಕೊಂಡೆ. ಆಯಿ ಹೋಗಿ ಎಷ್ಟೋ ವರ್ಷವಾಯಿತು. ಕೊನೆಯ ವರ್ಷಗಳಲ್ಲಿ ನನ್ನ ಹೆಸರು ಮರೆತಾಗಲೂ 'ಬೀಗರು ಉಂಡ್ರೇನು?' ಎಂದು ಕೇಳುತ್ತಿದ್ದಳು. ಉಂಡರು ಎಂದು ಹೇಳಿದರೆ ಸಾಕಾಗುತ್ತಿತ್ತು.

ಎರಡು ದಿನದ ಗಡುವು ಇವತ್ತಿಗೆ ಮುಗಿಯಿತು. ಬೆಳಗ್ಗೆ ಬಕೆಟ್ಟಿನಿಂದ ಒಂದು ಗ್ಲಾಸಿನಲ್ಲಿ ನೀರು ತೆಗೆದು, ಹಿತ್ತಲ ಬಾಗಿಲ ಬೆಳಕಿಗೆ ಹಿಡಿದೆ. ಮೊದಲು ಬರೀ ಕಣಕಿಯ ನಾರು, ಧೂಳು. ಆಮೇಲೆ ಒಂದು ಬಿಳಿ ಚುಕ್ಕೆ ಧೂಳಿನ ಹಾಗೆ ಕೆಳಗಿಳಿಯದೆ ಮೇಲಕ್ಕೆ ಏರಿತು. ಅದರ ಹಿಂದೆ ಇನ್ನೊಂದು. ಎಲ್ಲಿಯವೋ, ಯಾವ ಹೊಳೆಯವೋ, ನಮ್ಮ ಬಕೆಟ್ಟಿಗೆ ಬಂದಿದ್ದವು. ಬಕೆಟ್ಟು ಚೆಲ್ಲಿಸಲೆಂದು ಬಂದ ಹೆಂಡತಿ ನನ್ನ ಭುಜದ ಮೇಲಿಂದ ಇಣುಕಿ, ತಾನೂ ಕಣ್ಣು ಕಿರಿದು ಮಾಡಿದಳು.

'ಅಯ್ಯ, ಜೀವ ಅವಲ್ರೀ! ಏನ್ ಉಣ್ತಾವ್ರೀ ಇವು?'

ಒಂದು ದಿನ ಹಸಿದರೆ ಅವಕ್ಕೆ ಒಳ್ಳೆಯದೇ ಎಂದು ನನ್ನಷ್ಟು ತಿಳಿದವರು ಈ ಓಣಿಯಲ್ಲಿ ಇಲ್ಲ. ಆದರೆ ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಬಕೆಟ್ಟಿನ ತಳದ ದಪ್ಪ ನೀರನ್ನು ಬೆರಳಿಗೆ ತೆಗೆದುಕೊಂಡು ಗ್ಲಾಸಿನೊಳಗೆ ನಾಲ್ಕು ಹನಿ ಬಿಟ್ಟೆ. ಚುಕ್ಕೆಗಳು ಮೇಲೆ ಬಂದವು. ನಾವಿಬ್ಬರೂ ಅವು ಉಣ್ಣುವುದನ್ನು ನೋಡುತ್ತ ನಿಂತೆವು. ಆಮೇಲೆ ನಾನು ಕೈ ತೊಳೆದುಕೊಂಡು ಒಳಗೆ ಹೋಗಿ, ಹಸಿವಾಗಿದೆ, ನನಗೂ ಒಂದು ತಾಟು ಹಚ್ಚು ಎಂದು ಹೇಳಿದೆ.